ಮದುವೆಮನೆಯೂ ಪಟ ತೆಗೆಯುವವರೂ

ಮದುವೆಗೆ ಹೋಗುವವರಲ್ಲಿ ಎರಡು ಬಗೆ. ಲಗ್ನಪತ್ರಿಕೆ ಬಂದು ಹೋಗುವವರು ಒಂದು ಬಗೆ. ಕೂಲಿಗೆ ಹೋಗುವವರು ಇನ್ನೊಂದು ಬಗೆ. ಈ ಎರಡೂವರೆ ವರ್ಷಗಳಿಂದ ನಾನು ಎರಡನೆಯ ಬಗೆಗೆ ಸೇರಿದವನು. ನಮ್ಮ ತಾಲ್ಲೂಕು ಪೇಟೆಯ ಒಂದು ಸ್ಟುಡಿಯೋದಲ್ಲಿ, ಲಗ್ನಗಳಿರುವ ತಿಂಗಳುಗಳಲ್ಲಿ, ಲೈಟು ಹಿಡಿಯುವುದು ನನ್ನ ಕೆಲಸ. ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿದ ದೀಪವನ್ನು ಎತ್ತಿ ಹಿಡಿದು ಪಟ ತೆಗೆಯುವವರ ಬೆನ್ನ ಹಿಂದೆಯೇ ಓಡಾಡಬೇಕು. ವೈರಿಗೆ ಯಾರೂ ಎಡವದಂತೆ ನೋಡಿಕೊಳ್ಳಬೇಕು. ಎಲ್ಲರೂ ಉಂಡ ಮೇಲೆ ಉಣ್ಣಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮುಖ ಕಂಡವನು ನಾನೇ ಮೊದಲಿಗ. ನನ್ನ ಪರೀಕ್ಷೆಯ ಶುಲ್ಕವೂ ಬಸ್ಸಿನ ಪಾಸೂ ಈ ಕೋಲಿನಿಂದಲೇ ನಡೆಯುತ್ತಿರುವುದರಿಂದ ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ವಾಚಕರಿಗೆ ನಗು ಬಂದರೆ ನಗಬಹುದು.

ಇತ್ತೀಚೆಗೆ ನಮ್ಮ ಸಹಪಾಠಿಗಳಲ್ಲಿ ಒಂದು ವಾದ ಹುಟ್ಟಿತು. ಮದುವೆಯ ಪಟಗಳಿಗೆ ರೀಲಿನ ಕ್ಯಾಮರಾ ಮೇಲೋ ಡಿಜಿಟಲ್ ಕ್ಯಾಮರಾ ಮೇಲೋ ಎಂಬುದು ವಿಷಯ. ಬೆಂಗಳೂರಿನಂಥ ಊರುಗಳಲ್ಲಿ ಕೆಲವರು ಹಳೆಯ ರೀಲಿನ ಕ್ಯಾಮರಾಗಳನ್ನು ಹುಡುಕಿ ತಂದು, ಹೆಚ್ಚು ಹಣ ತೆತ್ತು, ಮದುವೆ ನಿಶ್ಚಿತಾರ್ಥಗಳನ್ನು ಮತ್ತೆ ರೀಲಿನಲ್ಲಿ ತೆಗೆಸುತ್ತಿದ್ದಾರಷ್ಟೆ. ಅದನ್ನು ಮೆಚ್ಚಿದ ಒಬ್ಬ ಮಿತ್ರರು “ರೀಲಿನ ಚಿತ್ರದಲ್ಲಿ ಜೀವವಿದೆ” ಎಂದರು. ಇನ್ನೊಬ್ಬರು “ನಿಮ್ಮ ರೀಲಿನಲ್ಲಿ ಶ್ರೀಮಂತರಿಗೆ ಮಾತ್ರ ಸ್ಥಳ, ಡಿಜಿಟಲ್ಲಿನಲ್ಲಿ ಎಲ್ಲರಿಗೂ ಸ್ಥಳವಿದೆ” ಎಂದರು. ಕೈಚಪ್ಪಾಳೆಗಳಾದವು. ಕೋಲು ಹಿಡಿದ ಅನುಭವವಿದ್ದ ನಾನೊಬ್ಬನೇ ಅಂದು ಬಾಯಿ ಬಿಡಲಿಲ್ಲ. ಆಗ ಆಡದ ಮಾತನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ಸ್ಟುಡಿಯೋದ ಯಜಮಾನರು ಅರವತ್ತು ದಾಟಿದವರು. ಅವರು ಈ ವಿದ್ಯೆ ಕಲಿತದ್ದು ಯಾಷಿಕಾ ಎಂಬ ಜಪಾನಿನ ಕ್ಯಾಮರಾದಲ್ಲಿ. ಅದಕ್ಕೆ ಮುಂದುಗಡೆ ಒಂದರ ಮೇಲೊಂದು ಎರಡು ಕಣ್ಣು. ಹೊಟ್ಟೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕು. ಎಡದಲ್ಲಿರುವ ಹೆಣ್ಣು ಬಲಕ್ಕೂ ಬಲದಲ್ಲಿರುವ ಗಂಡು ಎಡಕ್ಕೂ ಕಾಣುತ್ತಾರೆ. ಒಂದು ಸುರುಳಿಗೆ 12 ಚಿತ್ರ. 1960ರಲ್ಲಿ ಸರ್ಕಾರವು ಉದಕಮಂಡಲದಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸಂಸ್ಥೆಯನ್ನು ತೆರೆಯಿತು. ಅಲ್ಲಿ ತಯಾರಾಗುತ್ತಿದ್ದ ‘ಇಂದು’ ಎಂಬ ಹೆಸರಿನ ಕಪ್ಪು-ಬಿಳುಪು ಫಿಲ್ಮನ್ನು ಅವರು ಈಗಲೂ ನೆನೆಯುತ್ತಾರೆ. ಆ ಕಾರ್ಖಾನೆ ಇಂದು ಇಲ್ಲ. ಆಮೇಲೆ ಬಣ್ಣದ ರೀಲು ಬಂತು, ಒಂದಕ್ಕೆ 36 ಚಿತ್ರ. ಮದುವೆಯೊಂದಕ್ಕೆ ಎರಡು ರೀಲು, ಉಳ್ಳವರಾದರೆ ನಾಲ್ಕು, ನಮ್ಮಂಥವರ ಮನೆಯಾದರೆ ಒಂದೇ.

ಒಂದೇ ರೀಲಿನ ಮದುವೆಯೆಂದರೆ ಹಣಕಾಸಿನ ಮಂತ್ರಿಗಳ ಆಯವ್ಯಯ ಪಟ್ಟಿಗಿಂತ ಕಷ್ಟದ ಲೆಕ್ಕವೆಂದು ಯಜಮಾನರು ಹೇಳುವುದುಂಟು. ಅರಿಶಿನದ ಶಾಸ್ತ್ರಕ್ಕೆ 2, ಧಾರೆಗೆ 4, ತಾಳಿ ಕಟ್ಟುವುದಕ್ಕೆ 2 (ಒಂದು ಕೆಟ್ಟರೆ ಇನ್ನೊಂದು ಇರಲೆಂದು), ಬೀಗರ ಕಡೆಯ ಗುಂಪಿಗೆ 3, ಹೀಗೆ ಬೆರಳು ಮಡಿಸುತ್ತಾ ಹೋಗಬೇಕು. ನಿಶ್ಚಿತಾರ್ಥಕ್ಕಂತೂ ಹೊಸ ರೀಲು ಹಾಕುತ್ತಲೇ ಇರಲಿಲ್ಲವಂತೆ. ಯಾರದೋ ಮದುವೆಯಲ್ಲಿ ಮಿಕ್ಕ ಏಳೆಂಟು ಚಿತ್ರಗಳಲ್ಲಿಯೇ ಮುಗಿಸುವುದು. ಹಾಗಾಗಿ ಒಂದೇ ನೆಗೆಟಿವ್ ಪಟ್ಟಿಯಲ್ಲಿ ಒಂದು ಮನೆಯ ಬೀಗರ ಊಟವೂ ಇನ್ನೊಂದು ಮನೆಯ ವೀಳ್ಯದ ಶಾಸ್ತ್ರವೂ ಅಕ್ಕಪಕ್ಕದಲ್ಲಿ ಕುಳಿತಿರುತ್ತಿದ್ದವು. ರೀಲು ಊರಿಂದ ಪಟ್ಟಣದ ಕಲರ್ ಲ್ಯಾಬಿಗೆ ಹೋಗಿ, ತೊಳೆದು, ಅಚ್ಚಾಗಿ ಬರುವವರೆಗೆ ಏನು ಬಿದ್ದಿದೆಯೋ ದೇವರಿಗೇ ಗೊತ್ತು. ಒಮ್ಮೆ ರೀಲಿನ ಬಾಲ ಹಲ್ಲಿಗೆ ಸರಿಯಾಗಿ ಕಚ್ಚಿಕೊಂಡಿರಲಿಲ್ಲ. ಕ್ಯಾಮರಾ ಒಂದು, ಎರಡು, ಮೂರು ಎಂದು 36ರವರೆಗೆ ಎಣಿಸಿತು. ಒಳಗೆ ರೀಲು ಇದ್ದಲ್ಲಿಯೇ ಇತ್ತು. ಯಜಮಾನರು ಮೂರು ದಿನ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಕೊನೆಗೆ ಆ ಮನೆಯವರ ಕಾಲು ಹಿಡಿದು, ವಾರದ ಮೇಲೆ ಹೆಣ್ಣುಗಂಡಿಗೆ ಮತ್ತೆ ಬಾಸಿಂಗ ಕಟ್ಟಿಸಿ, ಹಿತ್ತಲಿನಲ್ಲಿ ಧಾರೆ ಎರೆಸಿ ಪಟ ತೆಗೆದರಂತೆ. ಆ ದಂಪತಿಗಳು ಈಗ ಮೊಮ್ಮಕ್ಕಳಿಗೆ ಅದನ್ನೇ ಮದುವೆಯೆಂದು ತೋರಿಸುತ್ತಿದ್ದಾರೆ. ಅಂದಿನಿಂದ ಯಜಮಾನರು ಪ್ರತಿ ಚಿತ್ರಕ್ಕೂ ಎಡಗಡೆಯ ಗುಂಡಿ ತಿರುಗುತ್ತಿದೆಯೆ ಎಂದು ನೋಡುವ ಅಭ್ಯಾಸ ಬೆಳೆಸಿಕೊಂಡರು. ಈಗಿನ ಕ್ಯಾಮರಾದಲ್ಲಿ ಆ ಗುಂಡಿಯೇ ಇಲ್ಲ. ಆದರೂ ಅವರ ಎಡಗೈ ಆಗಾಗ ಅಲ್ಲಿಗೆ ಹೋಗುತ್ತದೆ.

ಡಿಜಿಟಲ್ ಕ್ಯಾಮರಾದ ಹುಟ್ಟನ್ನು ಕುರಿತು ಒಂದು ಮಾತು. 1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯಲ್ಲಿ ಸ್ಟೀವ್ ಸ್ಯಾಸನ್ ಎಂಬ ತರುಣ ಇಂಜಿನಿಯರು ಮೊದಲನೆಯದನ್ನು ಕಟ್ಟಿದರು. ಅದರ ಚಿತ್ರದಲ್ಲಿ ಇದ್ದದ್ದು 10,000 ಚುಕ್ಕಿಗಳು; ಒಂದು ಚಿತ್ರ ಕ್ಯಾಸೆಟ್ಟಿನ ಟೇಪಿನ ಮೇಲೆ ಇಳಿಯುವುದಕ್ಕೆ 23 ಸೆಕೆಂಡು ಹಿಡಿಯುತ್ತಿತ್ತು. ಆ ವೇಗದಲ್ಲಿ ತಾಳಿ ಕಟ್ಟುವುದನ್ನು ತೆಗೆದಂತೆಯೇ! ರೀಲು ಮಾರಿ ಬದುಕಿದ್ದ ಆ ಸಂಸ್ಥೆ, ತನ್ನ ಮನೆಯಲ್ಲಿಯೇ ಹುಟ್ಟಿದ ಕೂಸಿನ ಕಾಲದಲ್ಲಿ ನಿಲ್ಲಲಾರದೆ, 2012ರಲ್ಲಿ ದಿವಾಳಿ ನ್ಯಾಯಾಲಯದ ಆಶ್ರಯ ಬೇಡಬೇಕಾಯಿತು.

ಈಗ ನಮ್ಮ ಯಜಮಾನರೂ ಅವರ ಮಗನೂ ಎರಡು ಕ್ಯಾಮರಾಗಳಲ್ಲಿ ಒಂದು ಮದುವೆಗೆ ಮೂರು ಸಾವಿರಕ್ಕೆ ಕಡಮೆಯಿಲ್ಲದಂತೆ ಚಿತ್ರ ತೆಗೆಯುತ್ತಾರೆ. ಮದುವೆಗೆ ಮುಂಚೆ ಹೆಣ್ಣುಗಂಡನ್ನು ಯಾವುದೋ ಕೆರೆಯ ಏರಿಯ ಮೇಲೆ ಓಡಿಸಿ ತೆಗೆಯುವ ಚಿತ್ರಗಳ ಲೆಕ್ಕ ಬೇರೆ. (ಕಾಲು ಉಳುಕಿಸಿಕೊಂಡ ಮದುಮಗನೊಬ್ಬನನ್ನು ನಾನೇ ಹೊತ್ತು ತಂದಿದ್ದೇನೆ.) ಚಿತ್ರಕ್ಕೆ ಇಷ್ಟೆಂದು ಖರ್ಚಿಲ್ಲದ್ದರಿಂದ ಗುಂಡಿ ಒತ್ತುವ ಬೆರಳಿಗೆ ಭಾರವಿಲ್ಲ. ಆ ಭಾರ ಎಲ್ಲಿಗೆ ಹೋಯಿತು ಎಂದರೆ, ಮನೆಯವರ ತಲೆಯ ಮೇಲೆ. ಮದುವೆಯಾದ ವಾರಕ್ಕೆ ಅವರ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟು “ಆಲ್ಬಮ್ಮಿಗೆ 150 ಆರಿಸಿ ಕೊಡಿ” ಎನ್ನುತ್ತೇವೆ. ಸಾಲದ ಲೆಕ್ಕ ನೋಡುತ್ತಿರುವವರಿಗೆ ಮೂರು ಸಾವಿರ ಚಿತ್ರ ನೋಡುವ ವ್ಯವಧಾನವೆಲ್ಲಿಯದು? ತಿಂಗಳು ಕಳೆಯುತ್ತದೆ, ವರ್ಷ ಕಳೆಯುತ್ತದೆ. ನಮ್ಮ ಅಂಗಡಿಯ ಬೀರುವಿನಲ್ಲಿ ಹೀಗೆ ಆರಿಸದೆ ಉಳಿದ ಮದುವೆಗಳು ಎಷ್ಟೋ ಇವೆ. ಕೆಲವಕ್ಕೆ ಆಗಲೇ ಮಕ್ಕಳು ಶಾಲೆಗೆ ಸೇರಿವೆ.

ಹಾಗೆಂದು ನಾನು ರೀಲಿನ ಪಕ್ಷದವನೆಂದು ಯಾರೂ ತಿಳಿಯಬಾರದು. ರೀಲು ಕೂಡ ನಿಷ್ಪಕ್ಷಪಾತಿಯಾಗಿರಲಿಲ್ಲ. ಬಣ್ಣ ಸರಿಯಾಗಿ ಬಂದಿದೆಯೆ ಎಂದು ನೋಡಲು ಕೊಡಾಕ್ ಸಂಸ್ಥೆ 1950ರ ದಶಕದಿಂದ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಂಗಸು. ಆ ಚೀಟಿಗೆ ‘ಷರ್ಲಿ’ ಎಂದೇ ಹೆಸರು. ಅವಳ ಮೈಬಣ್ಣ ಸರಿಯಾಗಿ ಬಂದರೆ ಎಲ್ಲವೂ ಸರಿ. ಕರಿಯ, ಬಿಳಿಯ, ಏಷ್ಯದ ಸ್ತ್ರೀಯರು ಮೂವರೂ ಇರುವ ಮಾದರಿ ಬರಬೇಕಾದರೆ 1990ರ ದಶಕವೇ ಆಗಬೇಕಾಯಿತು. ಅಷ್ಟು ಹೊತ್ತಿಗೆ ನಮ್ಮ ಊರುಗಳಲ್ಲಿ ಎಷ್ಟು ಜನ ಕಪ್ಪು ಹೆಣ್ಣುಮಕ್ಕಳು ಆಲ್ಬಮ್ಮಿನಲ್ಲಿ ಬರಿಯ ಹಲ್ಲು ಮತ್ತು ಮೂಗುತಿಯಾಗಿ ಉಳಿದಿದ್ದರೋ. ಈಗಿನ ಕ್ಯಾಮರಾ ಆ ಮೈಬಣ್ಣವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ನಾವು ಅದನ್ನು ತೊಳೆದುಬಿಡುತ್ತೇವೆ. 2024ರಲ್ಲಿ ನಮ್ಮ ಅಕ್ಕನ ಮದುವೆಯಾಯಿತು. ಆಲ್ಬಮ್ ಬಿಚ್ಚಿದಾಗ ಅವ್ವ ಬಹಳ ಹೊತ್ತು ನೋಡಿ, “ಇವಳು ಯಾರ ಮಗಳೋ ಚೆನ್ನಾಗವ್ಳೆ” ಎಂದಳು. ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ.

ನಾನು ಹೇಳಬೇಕೆಂದು ಹೊರಟದ್ದು ಅಕ್ಕನ ವಿಷಯವಲ್ಲ, ಅಜ್ಜಿಯ ವಿಷಯ. ಅಪ್ಪನಿಗೆ ಆರು ವರ್ಷವಾಗಿದ್ದಾಗ ಅಜ್ಜಿಗೆ ಗಂಡ ತೀರಿಕೊಂಡ. ಕೂಲಿನಾಲಿ ಮಾಡಿ ಮಗನನ್ನು ಸಾಕಿ, 2000ನೆಯ ಇಸವಿಯಲ್ಲಿ ಮನೆಯ ಮುಂದೆಯೇ ಚಪ್ಪರ ಹಾಕಿಸಿ ಮದುವೆ ಮಾಡಿದಳು. ಅದು ಒಂದು ರೀಲಿನ ಮದುವೆ. ಆ ಆಲ್ಬಮ್ ನಮ್ಮ ಮನೆಯ ಟ್ರಂಕಿನಲ್ಲಿದೆ. 36ರಲ್ಲಿ 34 ಉಳಿದಿವೆ. ಅಪ್ಪನ ಮಾವಂದಿರಿದ್ದಾರೆ, ಪಂಚಾಯ್ತಿಯ ಮೆಂಬರು ಮೂರು ಕಡೆ ಇದ್ದಾರೆ, ಓಲಗದವರಿದ್ದಾರೆ, ಒಂದರಲ್ಲಿ ನಾಯಿಯೂ ಇದೆ. ಮದುಮಗನ ತಾಯಿ ಇಲ್ಲ. ಹುಡುಗನಾಗಿದ್ದಾಗ ನಾನು ಕೇಳಿದರೆ “ರೀಲು ಮುಗಿದೋಯ್ತು ಕಣ್ ಮಗ” ಎಂದು ಅಜ್ಜಿಯೇ ಹೇಳುತ್ತಿದ್ದಳು. ನಾನು ನಂಬಿದ್ದೆ. ಪಾಪ, 36 ಚಿತ್ರದಲ್ಲಿ ಎಷ್ಟು ಜನ ಹಿಡಿದಾರು? ಧಾರೆಯ ಚಿತ್ರವೊಂದರಲ್ಲಿ ಚಪ್ಪರದ ಕಂಬದ ಹಿಂದೆ ಬಳೆಯಿಲ್ಲದ ಒಂದು ಮೊಣಕೈ ಕಾಣುತ್ತದೆ. ಅದು ನನ್ನದೇ ಎಂದು ತೋರಿಸಿ ನಗುತ್ತಿದ್ದಳು.

ಅಕ್ಕ ಗಾರ್ಮೆಂಟ್ಸಿನಲ್ಲಿ ದುಡಿಯುವವಳು. ಮದುವೆಗೆಂದು ಅಜ್ಜಿಗೆ ಹಸಿರು ಅಂಚಿನ ಸೀರೆ ತಂದಿದ್ದಳು. ಅಜ್ಜಿಯೂ ಸುಮ್ಮನಿರಲಿಲ್ಲ, ತಾನು ಸಾಕಿದ್ದ ಎರಡು ಕುರಿಗಳನ್ನು ಮಾರಿ ಮೊಮ್ಮಗಳ ಓಲೆಗೆ ಹಣ ಕೊಟ್ಟಳು. ನಾನು ಆಗ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ಯಜಮಾನರು ಅರ್ಧ ದುಡ್ಡಿಗೆ ಪಟ ತೆಗೆಯಲು ಒಪ್ಪಿದರು. ಕಲ್ಯಾಣ ಮಂಟಪದಲ್ಲಿ ಎರಡು ದಿನ. ಮುಂದಿನ ವರ್ಷ ಅಜ್ಜಿ ತೀರಿಕೊಂಡಳು. ತಿಥಿಗೆ ಇಡಲು ಒಂದು ಪಟ ಬೇಕಾಯಿತು. ಪೆನ್‌ಡ್ರೈವನ್ನು ಅಂಗಡಿಗೆ ಒಯ್ದು, ರಾತ್ರಿ ಒಂಬತ್ತರಿಂದ ಕುಳಿತು, ಒಂದೊಂದಾಗಿ 3,140 ಚಿತ್ರಗಳನ್ನೂ ನೋಡಿದೆ. ಆ ಓಲೆಗಳ ಚಿತ್ರ ಹದಿನಾಲ್ಕಿದ್ದವು, ಒಂದಂತೂ ಆಲ್ಬಮ್ಮಿನಲ್ಲಿ ಇಡೀ ಪುಟ. ಐಸ್‌ಕ್ರೀಮಿನ ಬಟ್ಟಲುಗಳದು ಒಂಬತ್ತು. ಅಜ್ಜಿ ಎರಡರಲ್ಲಿ ಸಿಕ್ಕಿದಳು. ಒಂದರಲ್ಲಿ ಊಟದ ಪಂಕ್ತಿಯ ಹಿಂದೆ ಮಸುಕಾಗಿ. ಇನ್ನೊಂದರಲ್ಲಿ ಬೆನ್ನು ಮಾತ್ರ, ಹಸಿರು ಅಂಚು ಸ್ಪಷ್ಟವಾಗಿತ್ತು. ಕೊನೆಗೆ ವಿಧವಾ ವೇತನದ ಕಾಗದಗಳಿಗೆಂದು ಎಂದೋ ತೆಗೆಸಿದ್ದ ಪಾಸ್‌ಪೋರ್ಟ್ ಅಳತೆಯ ಪಟವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಅದರ ಮೂಲೆಯಲ್ಲಿ ಕಚೇರಿಯ ಮೊಹರಿನ ಕಾಲುಭಾಗ ಹಾಗೆಯೇ ಇದೆ. ಅಷ್ಟು ವರ್ಷಗಳಲ್ಲಿ ನಮ್ಮ ಅಜ್ಜಿಯನ್ನು ಎದುರಿಗೆ ನಿಲ್ಲಿಸಿ ಮುಖ ನೋಡಿದ್ದು ಸರ್ಕಾರವೊಂದೇ.

ಆ ರಾತ್ರಿ ನನಗೆ ತಿಳಿಯಿತು, 2000ದಲ್ಲಿಯೂ ರೀಲು ಮುಗಿದಿರಲಿಲ್ಲವೆಂದು. ಗಂಡ ಸತ್ತವಳು ಹಸೆಯ ಹತ್ತಿರ ನಿಲ್ಲಬಾರದು, ಧಾರೆಯ ಹೊತ್ತಿಗೆ ಎದುರಿಗೆ ಬರಬಾರದು ಎಂಬ ಹಳೆಯ ಕಟ್ಟಳೆ 36 ಚಿತ್ರದ ಕ್ಯಾಮರಾವನ್ನೂ ಆಳಿತು. ಮೂರು ಸಾವಿರದ ಕ್ಯಾಮರಾವನ್ನೂ ಆಳುತ್ತಿದೆ. ಮೊದಲಿಗೆ ಅದಕ್ಕೆ ರೀಲಿನ ನೆಪವಾದರೂ ಇತ್ತು. ಈಗ ಆ ನೆಪವೂ ಇಲ್ಲ. “ಡಿಜಿಟಲ್ಲಿನಲ್ಲಿ ಎಲ್ಲರಿಗೂ ಸ್ಥಳವಿದೆ” ಎಂದ ನನ್ನ ಮಿತ್ರರು ಹೇಳಿದ್ದು ಕ್ಯಾಮರಾದ ಮಟ್ಟಿಗೆ ದಿಟ. ಮದುವೆಮನೆಯ ಮಟ್ಟಿಗೆ ಅಲ್ಲ. ಈ ಎರಡೂವರೆ ವರ್ಷಗಳಲ್ಲಿ ನಾನು ಬೆಳಕು ಬೀರಿದ ಮಂಟಪಗಳಲ್ಲೆಲ್ಲ ಇದನ್ನು ನೋಡುತ್ತಿದ್ದೇನೆ: ಬೆಳಕು ಆ ಕಡೆ ತಿರುಗಿತೆಂದರೆ ಕೆಲವರು ತಾವಾಗಿಯೇ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಾರೆ. ಯಾರೂ ಗದರಿಸಬೇಕಾಗಿಲ್ಲ. ಅಕ್ಕನ ಧಾರೆಯ ಹೊತ್ತಿನಲ್ಲಿ ಅಜ್ಜಿ ಹಾಗೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಮನೆಯ ಹುಡುಗ, ಸ್ಟುಡಿಯೋದ ಹುಡುಗ, ಎರಡೂ ನಾನೇ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹತ್ತಿರದಲ್ಲಿ ಹಿರಿಯರಿದ್ದರು, ಬೀಗರಿದ್ದರು. ನಾನು ಕೂಗಲಿಲ್ಲ. ಈ ಲೇಖನದಲ್ಲಿ ಯಾರನ್ನಾದರೂ ದೂರುವುದಿದ್ದರೆ ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ನಾನು.

1856ರಲ್ಲಿಯೇ ವಿಧವೆಯರ ಮರುಮದುವೆಗೆ ಕಾನೂನು ಬಂತೆಂದು ನಾವು ಇತಿಹಾಸದ ಪತ್ರಿಕೆಯಲ್ಲಿ ಬರೆದು ಅಂಕ ಗಳಿಸುತ್ತೇವೆ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿಯೇ ಆ ವಿಷಯವನ್ನು ಎತ್ತಿಕೊಂಡಿತೆಂದು ಕನ್ನಡದ ಪತ್ರಿಕೆಯಲ್ಲಿ ಬರೆಯುತ್ತೇವೆ. ಬರೆದು, ಸಂಜೆ ಮಂಟಪಕ್ಕೆ ಬಂದು, ಬೆಳಕನ್ನು ಬೇರೆ ಕಡೆಗೆ ತಿರುಗಿಸುತ್ತೇವೆ.

ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ. ಅವರಿಗೇ ಇಷ್ಟವಿರುವುದಿಲ್ಲ, ಬಲವಂತ ಏಕೆ ಎಂಬುದು ಒಂದು. ನಮ್ಮ ಅಜ್ಜಿಯನ್ನು ಕರೆದಿದ್ದರೂ “ನಂಗ್ಯಾಕ್ ಮಗ ಪಟ, ಬ್ಯಾಡ” ಎಂದೇ ಅನ್ನುತ್ತಿದ್ದಳು. ಒಪ್ಪುತ್ತೇನೆ. ಆದರೆ ಆ ಹಸಿರು ಅಂಚಿನ ಸೀರೆಯ ನೆರಿಗೆಯನ್ನು ಅವಳು ಆ ಬೆಳಿಗ್ಗೆ ಮೂರು ಸಲ ಬಿಚ್ಚಿ ಉಟ್ಟದ್ದನ್ನೂ ನಾನು ಬಲ್ಲೆ. ಬೇಡವೆಂದು ನಲವತ್ತು ವರ್ಷ ಕಲಿಸಿದ ಮೇಲೆ ಬೇಕೆಂದು ಯಾರು ತಾನೆ ಹೇಳಿಯಾರು? ಎರಡನೆಯ ಆಕ್ಷೇಪಣೆ ನಮ್ಮ ಯಜಮಾನರದು. ನಾನು ಈ ಮಾತು ತೆಗೆದಾಗ ಅವರು, “ಕಾಸು ಕೊಡೋನು ಯಾರನ್ನ ನಿಲ್ಲಿಸ್ತಾನೋ ಅವರ ಪಟ ತೆಗಿತೀವಿ ಕಣಯ್ಯ. ಯಾರನ್ನ ನಿಲ್ಲಿಸಬೇಕು ಅಂತ ಹೇಳೋಕೆ ನಾವೇನು ಅವರ ಮನೆ ಹಿರೀಕರೆ?” ಎಂದರು. ಇದು ಮೊದಲನೆಯದಕ್ಕಿಂತ ಗಟ್ಟಿಯಾದ ಮಾತು. ಜನರ ಶಾಸ್ತ್ರಕ್ಕೆ ಕೈಹಾಕಿದ ಸ್ಟುಡಿಯೋಗೆ ಮುಂದಿನ ಲಗ್ನಕ್ಕೆ ಕರೆ ಬರುವುದಿಲ್ಲ. ಕರೆ ಬರದಿದ್ದರೆ ನನ್ನ ಶುಲ್ಕವೂ ಇಲ್ಲ.

ಆದ್ದರಿಂದ ನಾನು ಹಸೆಯ ತಂಟೆಗೆ ಹೋಗಲಿಲ್ಲ. ಅಲ್ಲಿಯೇ ಹೋಗಬೇಕಿತ್ತೆಂದು ಹೇಳುವ ಧೀರರು ಇರಬಹುದು. ಅವರು ನನ್ನನ್ನು ಕ್ಷಮಿಸಬೇಕು. ನಾನು ಮಾಡಿದ್ದು ಇಷ್ಟೆ. ಆರತಕ್ಷತೆಗೆ ಮುಂಚೆ, ಮಂಟಪದಲ್ಲಿ ಅಲಂಕಾರದವರು ಹೂ ಕಟ್ಟುತ್ತಿರುವಾಗ, ನಮಗೆ ಒಂದೆರಡು ಗಂಟೆ ಬಿಡುವಿರುತ್ತದೆ. ಆಗ ಮದುವಣಗಿತ್ತಿಯ ಹತ್ತಿರ ಹೋಗಿ, “ಅಕ್ಕ, ನಿಮ್ಮನೆಲಿ ಅಜ್ಜಿ, ದೊಡ್ಡಮ್ಮ ಯಾರಾದರೂ ಇದ್ದಾರಾ? ಹೆಸರು ಹೇಳಿ” ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಬರೆದವರನ್ನು ಮುಂಬಾಗಿಲ ಬೆಳಕಿಗೆ ಕರೆತಂದು, ಮೊಮ್ಮಗಳ ಜೊತೆ ನಿಲ್ಲಿಸಿ, ಒಂದು ಚಿತ್ರ. ಅಲ್ಲಿ ಹಸೆಯೂ ಇಲ್ಲ, ಧಾರೆಯೂ ಇಲ್ಲ. ಯಾರ ಶಾಸ್ತ್ರವೂ ಕೆಡುವುದಿಲ್ಲ. ಹಗಲಿನ ಬೆಳಕಾದ್ದರಿಂದ ನನ್ನ ಕೋಲೂ ಬೇಕಿಲ್ಲ. ಮೊದಲು ಗೊಣಗಿದ ಯಜಮಾನರು ನಾಲ್ಕನೆಯ ಮದುವೆಯ ಹೊತ್ತಿಗೆ “ಏನಯ್ಯ ಬಿ.ಎ., ಚೀಟಿ ಆಯ್ತಾ?” ಎಂದು ತಾವೇ ಕೇಳತೊಡಗಿದರು. ಇನ್ನೊಂದು ಕೆಲಸಕ್ಕೂ ಅವರನ್ನು ಒಪ್ಪಿಸಿದ್ದೇನೆ: ಮೂರು ಸಾವಿರದ ಪೆನ್‌ಡ್ರೈವ್ ಕೊಡುವಾಗ ನಾವೇ ಆರಿಸಿದ 36 ಚಿತ್ರಗಳನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಒಂದು ಲಕೋಟೆಯಲ್ಲಿ ಜೊತೆಗೆ ಕೊಡುವುದು. ಕಂಪ್ಯೂಟರಿಲ್ಲದ ಮನೆಗಳೇ ನಮ್ಮ ಗಿರಾಕಿಗಳಲ್ಲಿ ಹೆಚ್ಚು. ಯಜಮಾನರ ಮಗ ಇದನ್ನು ದಂಡದ ಖರ್ಚು ಎನ್ನುತ್ತಾರೆ. ಇರಬಹುದು. ಪೆನ್‌ಡ್ರೈವ್ ಕೆಟ್ಟು ಅಂಗಡಿಗೆ ಓಡಿಬಂದವರನ್ನು ನಾನು ಕಂಡಿದ್ದೇನೆ. ನಮ್ಮ ಟ್ರಂಕಿನ 34 ಚಿತ್ರಗಳು 25 ವರ್ಷದ ಮೇಲೂ ಇವೆ, ಬಣ್ಣ ಸ್ವಲ್ಪ ಕೆಂಪಾಗಿದೆ ಅಷ್ಟೆ.

ಕಳೆದ ಲಗ್ನದಲ್ಲಿ ಒಬ್ಬ ಮುದುಕಿ ಸುಲಭಕ್ಕೆ ಬಗ್ಗಲಿಲ್ಲ. ಮಂಟಪದ ಹಿಂಭಾಗದಲ್ಲಿ ಅಡುಗೆಯವರ ಜೊತೆ ಹುರುಳಿಕಾಯಿ ಬಿಡಿಸುತ್ತ ಕುಳಿತಿದ್ದರು. “ಹೋಗಪ್ಪ, ಮಾಡೋಕೆ ಬ್ಯಾರೆ ಕೆಲ್ಸ ಇಲ್ವಾ” ಎಂದು ಅಟ್ಟಿದರು. ನಾನು ಚೀಟಿ ತೋರಿಸಿ, ನಿಮ್ಮ ಮೊಮ್ಮಗಳೇ ಬರೆಸಿದ ಹೆಸರು ಎಂದೆ. ಅವರಿಗೆ ಓದು ಬರದು. ಚೀಟಿಯನ್ನು ಕೈಗೆ ತೆಗೆದುಕೊಂಡು ಯಾವುದು ತನ್ನ ಹೆಸರೆಂದು ಕೇಳಿದರು, ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಮಡಿಲಲ್ಲಿದ್ದ ಕಾಯಿಗಳನ್ನು ಮೊರಕ್ಕೆ ಕೊಡವಿ ಎದ್ದರು. “ದುಡ್ಡು ಎಷ್ಟಾಯ್ತದೆ?” ಎಂದರು. ಏನೂ ಇಲ್ಲ ಎಂದೆ. “ಅಂಗಾರೆ ತಡಿ, ಮಖ ತೊಳ್ಕಂಡು ಬತ್ತೀನಿ” ಎಂದು ನಲ್ಲಿಯ ಕಡೆಗೆ ನಡೆದರು. ಅಷ್ಟರಲ್ಲಿ ಬೀಗರ ಬಸ್ಸು ಬಂದು, ಒಳಗಿನಿಂದ ಯಜಮಾನರು “ಲೈಟು! ಲೈಟು ಎಲ್ಲಯ್ಯ?” ಎಂದು ಕೂಗತೊಡಗಿದರು. ಬಂದೆ ಎಂದು ಅಲ್ಲಿಂದಲೇ ಕೂಗಿ ಹೇಳಿ, ನಲ್ಲಿಯ ಹತ್ತಿರವೇ ನಿಂತುಕೊಂಡೆ.